ಗುಳೆ ಹೋದವರೂ ಲೆಕ್ಕದಲ್ಲಿರಲಿ: ನರ್ಸ್‌ಗಳಿಗಾಗಿ ಕೋಹಾರ್ಟ್ ಅಧ್ಯಯನದ ಸಮಗ್ರ ಮಾರ್ಗದರ್ಶಿ

ನರ್ಸಿಂಗ್ ವಿದ್ಯಾರ್ಥಿಗಳು ಅಧ್ಯಯನಕ್ಕೆ ಮೊದಲು ಬರೆದು ಕೊಡುವ ಯೋಜನೆಗಳಲ್ಲಿ, ಅಂದರೆ ಸಿನಾಪ್ಸಿಸ್‌ಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಒಂದೇ ಬಗೆಯ ವಿಷಯ. ತಾಯಂದಿರಿಗೆ ರಕ್ತಹೀನತೆಯ ಬಗ್ಗೆ ಎಷ್ಟು ತಿಳಿದಿದೆ ಎಂದು ಪ್ರಶ್ನಾವಳಿ ಕೊಟ್ಟು ಅಂಕ ಹಾಕುವುದು, ಪಾಠ ಹೇಳುವುದು, ಮತ್ತೆ ಅಂಕ ಹಾಕುವುದು. ಇದರಿಂದ ತಾಯಿಯ ತಿಳಿವಳಿಕೆ ಎಷ್ಟೆಂದು ಗೊತ್ತಾಗುತ್ತದೆ. ಆಕೆಯ ಕೂಸು ಎರಡು ಕೆ.ಜಿ.ಗೆ ಯಾಕೆ ಹುಟ್ಟಿತು ಎಂಬುದು ಗೊತ್ತಾಗುವುದಿಲ್ಲ. ದೇವದುರ್ಗದ, ಕುಷ್ಟಗಿಯ, ಸಂಡೂರಿನ ಆರೋಗ್ಯ ಕೇಂದ್ರಗಳಲ್ಲಿ ದಿನವೂ ಎದುರಾಗುವುದು ಈ ಎರಡನೇ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಕಾಲದ ಜೊತೆ ನಡೆಯಬೇಕು. ಇವತ್ತು ತೊಂದರೆ ಇಲ್ಲದವರನ್ನು ಗುರುತಿಸಿ, ಅವರಲ್ಲಿ ನಾವು ಅನುಮಾನಿಸುವ ಅಂಶ ಯಾರಿಗಿದೆ, ಯಾರಿಗಿಲ್ಲ ಎಂದು ಬರೆದುಕೊಂಡು, ಮುಂದೆ ಯಾರಿಗೆ ಏನಾಯಿತು ಎಂದು ಕೊನೆಯವರೆಗೂ ನೋಡಬೇಕು. ಕೋಹಾರ್ಟ್ ಅಧ್ಯಯನ ಎಂದರೆ ಇದೇ.

ಈ ಕೆಲಸ ದೊಡ್ಡ ವಿಜ್ಞಾನಿಗಳದ್ದು, ನಮ್ಮದಲ್ಲ ಎಂದು ಹಿಂಜರಿಯಬೇಡಿ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ನರ್ಸಸ್ ಹೆಲ್ತ್ ಸ್ಟಡಿಯಲ್ಲಿ 1,21,700 ನರ್ಸ್‌ಗಳು ಸೇರಿದರು. ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ ತುಂಬಿ ಕಳಿಸಿದರು. ಗರ್ಭನಿರೋಧಕ ಮಾತ್ರೆಯ ದೂರಗಾಮಿ ಪರಿಣಾಮ ತಿಳಿಯಲು ಹೊರಟ ಆ ಅಧ್ಯಯನ ಕ್ಯಾನ್ಸರ್, ಹೃದ್ರೋಗ, ಮಧುಮೇಹದ ಬಗ್ಗೆಯೂ ಜಗತ್ತಿಗೆ ಕಲಿಸಿತು. ಅಷ್ಟು ದೂರ ಹೋಗುವುದೂ ಬೇಡ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕವನ್ನು ಹೆರಿಗೆ ದಾಖಲೆಯಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ದೊಡ್ಡವರಾದ ಆ ಮಕ್ಕಳನ್ನು ಹುಡುಕಿದರು. ಹುಟ್ಟಿದಾಗಿನ ಕಡಿಮೆ ತೂಕಕ್ಕೂ ಮುಂದೆ ಬರುವ ಹೃದ್ರೋಗಕ್ಕೂ ನಂಟಿದೆ ಎಂದು ತೋರಿಸಿದರು. ಹೆರಿಗೆ ಕೋಣೆಯಲ್ಲಿ ಯಾರೋ ಶ್ರದ್ಧೆಯಿಂದ ಬರೆದ ಸಾಲುಗಳು ಅವು. ರಿಜಿಸ್ಟರ್ ಬರೆಯುವ ಪ್ರತಿ ನರ್ಸ್ ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ಆಸೆ.

ಈ ಬರಹದಲ್ಲಿ ಒಂದೇ ಉದಾಹರಣೆಯನ್ನು ಮೊದಲಿಂದ ಕೊನೆಯವರೆಗೆ ಹಿಡಿಯುತ್ತೇನೆ: ಬಸುರಿಯ ರಕ್ತಹೀನತೆ ಮತ್ತು ಕಡಿಮೆ ತೂಕದ ಕೂಸು. ಒಂಬತ್ತು ತಿಂಗಳಲ್ಲಿ ಮುಗಿಯುವ ವಿಷಯವಾದ್ದರಿಂದ ಎಂ.ಎಸ್ಸಿ. ವಿದ್ಯಾರ್ಥಿಯ ಅವಧಿಗೂ ಹೊಂದುತ್ತದೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

ಯಾರಲ್ಲಿ, ಯಾವ ಅಂಶ, ಯಾರಿಗೆ ಹೋಲಿಸಿ, ಯಾವ ಫಲಿತ, ಎಷ್ಟು ದಿನದೊಳಗೆ. ಈ ಐದೂ ಒಂದು ವಾಕ್ಯದಲ್ಲಿ ಕೂರಬೇಕು. "ರಾಯಚೂರು ತಾಲ್ಲೂಕಿನ ಆಯ್ದ ಉಪಕೇಂದ್ರಗಳಲ್ಲಿ 12 ವಾರದೊಳಗೆ ಹೆಸರು ನೋಂದಾಯಿಸಿದ ಬಸುರಿಯರಲ್ಲಿ, ಆ ಹೊತ್ತಿಗೆ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದವರಿಗೆ 2,500 ಗ್ರಾಂಗಿಂತ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಉಳಿದವರಿಗಿಂತ ಹೆಚ್ಚೇ?" ವಾಕ್ಯ ಉದ್ದವಾದರೂ ಪರವಾಗಿಲ್ಲ, ಅನುಮಾನಕ್ಕೆ ಎಡೆ ಇರಬಾರದು.

ಇಲ್ಲಿ ವಾರಗಳ ಮಾತು ಯಾಕೆ ಬಂತೆಂದರೆ, ಬಸಿರು ಬೆಳೆದಂತೆ ರಕ್ತದಲ್ಲಿ ನೀರಿನಂಶ ಏರುತ್ತದೆ, ಎರಡನೇ ತ್ರೈಮಾಸಿಕದಲ್ಲಿ ಹಿಮೋಗ್ಲೋಬಿನ್ ಸಹಜವಾಗಿಯೇ ಇಳಿಯುತ್ತದೆ. ಒಬ್ಬಳದ್ದನ್ನು ಹತ್ತನೇ ವಾರದಲ್ಲಿ, ಇನ್ನೊಬ್ಬಳದ್ದನ್ನು ಇಪ್ಪತ್ತಾರನೇ ವಾರದಲ್ಲಿ ನೋಡಿ ಎರಡನ್ನೂ ಒಂದೇ ಗೆರೆಯಿಂದ ಅಳೆದರೆ, ಆರೋಗ್ಯವಂತೆಯೂ ರಕ್ತಹೀನಳ ಸಾಲಿಗೆ ಸೇರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡನೇ ತ್ರೈಮಾಸಿಕಕ್ಕೆ 10.5ರ ಗೆರೆಯನ್ನು ಬೇರೆಯಾಗಿಯೇ ಇಟ್ಟಿದೆ. ಯಾವ ಗೆರೆ ಹಿಡಿಯುತ್ತೀರಿ ಎಂಬುದನ್ನು ಮಾಹಿತಿ ಕೂಡಿಸುವ ಮೊದಲೇ ಬರೆದಿಡಿ. ಫಲಿತಾಂಶ ನೋಡಿ ಗೆರೆ ಸರಿಸುವಂತಿಲ್ಲ.

ವಾರದ ಲೆಕ್ಕಕ್ಕೆ ಕೊನೆಯ ಮುಟ್ಟಿನ ದಿನ ಬೇಕು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ತಾರೀಖು ಹೇಳುವುದಿಲ್ಲ. "ಶಿವರಾತ್ರಿ ಅಮಾಸಿ ಆಗಿ ನಾಕ್ ದಿನಕ್ಕ ಆಗಿದ್ದೆರಿ" ಎನ್ನುತ್ತಾರೆ. ಇದು ಒಳ್ಳೆಯ ಮಾಹಿತಿ, ತಳ್ಳಿಹಾಕಬೇಡಿ. ಅಮಾವಾಸ್ಯೆ, ಹುಣ್ಣಿಮೆ, ಜಾತ್ರೆ, ಉರುಸು ಗುರುತಿರುವ ಗೋಡೆ ಕ್ಯಾಲೆಂಡರ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿ, ಅವರ ಎದುರೇ ಬೆರಳಿಟ್ಟು ತಾರೀಖು ಹಿಡಿಯಿರಿ. ಮೊದಲ ಸ್ಕ್ಯಾನಿಂಗ್ ವರದಿ ಇದ್ದರೆ ಅದರ ಜೊತೆ ತಾಳೆ ನೋಡಿ.

ಎರಡನೇ ಹೆಜ್ಜೆ: ಯಾರನ್ನು ಸೇರಿಸಬೇಕು, ಎಷ್ಟು ಜನ ಬೇಕು

ಹೋಲಿಕೆಯ ಗುಂಪು ಅದೇ ನೆಲದ್ದಾಗಿರಬೇಕು. ರಕ್ತಹೀನತೆ ಇರುವವರನ್ನು ಲಿಂಗಸುಗೂರಿನ ತಾಂಡಾಗಳಿಂದಲೂ ಇಲ್ಲದವರನ್ನು ರಾಯಚೂರು ನಗರದ ನರ್ಸಿಂಗ್ ಹೋಮ್‌ನಿಂದಲೂ ತಂದರೆ, ಕೊನೆಗೆ ಕಾಣುವುದು ಬಡತನದ ಅಂತರ. ಒಂದೇ ಉಪಕೇಂದ್ರದ ರಿಜಿಸ್ಟರಿನಲ್ಲಿ ಹೆಸರಿರುವ ಎಲ್ಲರನ್ನೂ ಸಾಲಾಗಿ ಕೇಳುತ್ತ ಹೋಗುವುದು ಉತ್ತಮ. ಅವಳಿ ಬಸಿರು ಗೊತ್ತಾದರೆ ಬಿಡುತ್ತೀರಾ, ಇಟ್ಟುಕೊಳ್ಳುತ್ತೀರಾ ಎಂಬುದೂ ಮೊದಲೇ ತೀರ್ಮಾನವಾಗಲಿ. ಅವಳಿಗಳು ಹೇಗೂ ಕಡಿಮೆ ತೂಕಕ್ಕೇ ಹುಟ್ಟುವುದು ಹೆಚ್ಚಾದ್ದರಿಂದ ಬಿಡುವುದು ವಾಡಿಕೆ.

ಜನರ ಸಂಖ್ಯೆಗೆ ಲೆಕ್ಕವಿದೆ. ರಕ್ತಹೀನತೆ ಇಲ್ಲದವರಲ್ಲಿ 100ಕ್ಕೆ 15, ಇರುವವರಲ್ಲಿ 100ಕ್ಕೆ 25 ಕೂಸುಗಳು ಕಡಿಮೆ ತೂಕದವು ಎಂದು ಅಂದಾಜಿಸಿಕೊಳ್ಳಿ. ಲೆಕ್ಕ ಕಲಿಯಲೆಂದು ಹಾಕಿಕೊಂಡ ಅಂಕಿ ಇದು. ನಿಮ್ಮ ಅಧ್ಯಯನಕ್ಕೆ ಹಿಂದಿನ ಪ್ರಕಟಿತ ಅಧ್ಯಯನದಿಂದ ಅಥವಾ ನಿಮ್ಮದೇ ಸಣ್ಣ ಪೂರ್ವ ಅಧ್ಯಯನದಿಂದ ಅಂಕಿ ಹಿಡಿಯಬೇಕು. ಶೇ 5ರ ತಪ್ಪಿನ ಮಿತಿ (ಇಲ್ಲದ ಅಂತರವನ್ನು ಇದೆ ಎನ್ನುವ ಸಂಭವ), ಶೇ 80ರ ಪವರ್ (ಇರುವ ಅಂತರವನ್ನು ಹಿಡಿಯುವ ಸಂಭವ) ಇಟ್ಟುಕೊಂಡರೆ ಗುಂಪಿಗೆ ಸುಮಾರು 250 ಜನ ಬೇಕಾಗುತ್ತದೆ. ಓಪನ್‌ಎಪಿ ಎಂಬ ಉಚಿತ ತಂತ್ರಾಂಶದಲ್ಲಿ ಈ ಲೆಕ್ಕ ನಿಮಿಷದ ಕೆಲಸ. ಐವರಲ್ಲಿ ಒಬ್ಬರು ನಡುವೆ ಕೈತಪ್ಪಬಹುದೆಂದು ಇಟ್ಟುಕೊಂಡರೆ 250ನ್ನು 0.8ರಿಂದ ಭಾಗಿಸಿ, 313. ಅಂದರೆ ಶುರುವಿನಲ್ಲಿ ಗುಂಪಿಗೆ 313 ಜನ. ಸುಮ್ಮನೆ 250ಕ್ಕೆ ಶೇ 20 ಕೂಡಿಸಿ 300 ಎಂದು ಬರೆಯುವವರಿದ್ದಾರೆ. 300ರಲ್ಲಿ ಶೇ 20 ಹೋದರೆ ಉಳಿಯುವುದು 240 ಮಾತ್ರ.

ಮೂರನೇ ಹೆಜ್ಜೆ: ಎಥಿಕ್ಸ್ ಸಮಿತಿ ಮತ್ತು ಒಪ್ಪಿಗೆ

ಐ.ಸಿ.ಎಂ.ಆರ್.ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನೈತಿಕ ಮಾರ್ಗಸೂಚಿ ಓದಿ, ಸಂಸ್ಥೆಯ ಎಥಿಕ್ಸ್ ಸಮಿತಿಯ ಅನುಮತಿ ಪಡೆದ ಮೇಲೆಯೇ ಮೊದಲ ಹೆಸರು ಬರೆಯಿರಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ತೆಲುಗು, ಉರ್ದು, ಲಂಬಾಣಿ ಮಾತಾಡುವ ಮನೆಗಳಲ್ಲಿ ಅವರ ಮಾತಿನಲ್ಲೇ ಓದಿ ಹೇಳಿ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಾಕ್ಷಿ ಬೇಕು, ಆ ಸಾಕ್ಷಿ ನಿಮ್ಮ ತಂಡದವರಾಗಿರಬಾರದು. ಅತ್ತೆ ಒಪ್ಪಿದರೆ ಸೊಸೆ ಒಪ್ಪಿದಂತಲ್ಲ. ಅವಳನ್ನೇ ಕೇಳಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೋಡುವ ಅಧ್ಯಯನ ಎಂದರೆ ಕೈಕಟ್ಟಿ ನೋಡುವುದಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಬಂದವರನ್ನು ಅದೇ ದಿನ ವೈದ್ಯರ ಕಡೆ ಕಳಿಸಬೇಕು. ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ ಎಲ್ಲ ಬಸುರಿಯರಿಗೂ ಸಲ್ಲಬೇಕಾದದ್ದು. ನಿಮ್ಮ ಅಧ್ಯಯನ ಕೆಡುತ್ತದೆಂದು ಅದನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಎಷ್ಟು ಮಾತ್ರೆ ನುಂಗಿದರು ಎಂಬುದನ್ನು ಪ್ರತಿ ಭೇಟಿಯಲ್ಲಿ ಬರೆದುಕೊಂಡರೆ ಅದೇ ಮುಂದೆ ನಿಮ್ಮ ವಿಶ್ಲೇಷಣೆಗೆ ಬಲ ಕೊಡುತ್ತದೆ.

ನಾಲ್ಕನೇ ಹೆಜ್ಜೆ: ಅಂಶವನ್ನು ಎಲ್ಲರಿಗೂ ಒಂದೇ ರೀತಿ ಅಳೆಯಿರಿ

ಹಿಮೋಗ್ಲೋಬಿನ್ ಅಳೆಯಲು ಒಂದು ಉಪಕೇಂದ್ರದಲ್ಲಿ ಬಣ್ಣ ಹೋಲಿಸಿ ನೋಡುವ ಹಳೆಯ ಸಾಹ್ಲಿ ಕೊಳವೆ, ಇನ್ನೊಂದರಲ್ಲಿ ಡಿಜಿಟಲ್ ಮೀಟರ್, ಮತ್ತೊಂದರಲ್ಲಿ ಲ್ಯಾಬ್ ವರದಿ ಆಗಬಾರದು. ಒಂದನ್ನು ಆರಿಸಿಕೊಂಡು ಎಲ್ಲರಿಗೂ ಅದನ್ನೇ ಬಳಸಿ. ಬೆರಳಿನ ರಕ್ತವಾದರೆ ಮೊದಲ ಹನಿ ಒರೆಸಿ. ಹನಿ ಬರಲಿಲ್ಲವೆಂದು ಬೆರಳನ್ನು ಹಿಂಡಬೇಡಿ. ಅಂಗಾಂಶದ ನೀರು ರಕ್ತಕ್ಕೆ ಬೆರೆತು ಅಂಕಿ ಸುಳ್ಳಾಗಿ ಇಳಿಯುತ್ತದೆ. ಡಿಸೆಂಬರ್ ಮುಂಜಾನೆ ಹೊಲದಿಂದ ಬಂದವರ ಕೈ ತಣ್ಣಗಿರುತ್ತದೆ. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಆಮೇಲೆ ಸೂಜಿ.

ಜೊತೆಗೆ ದಾಖಲಿಸಬೇಕಾದ ಬೇರೆ ಅಂಶಗಳಿವೆ: ತಾಯಿಯ ತೂಕ, ಎತ್ತರ, ತೋಳಿನ ಸುತ್ತಳತೆ, ವಯಸ್ಸು, ಎಷ್ಟನೇ ಬಸಿರು, ಹಿಂದಿನ ಹೆರಿಗೆಯ ಅಂತರ, ರಕ್ತದೊತ್ತಡ, ಮನೆಯ ಆದಾಯ, ಕೂಲಿ ಕೆಲಸದ ಬಗೆ, ಒಲೆ ಕಟ್ಟಿಗೆಯದೋ ಗ್ಯಾಸಿನದೋ, ತಂಬಾಕು. ತಂಬಾಕಿನ ಪ್ರಶ್ನೆಯನ್ನು "ನೀವು ತಂಬಾಕು ಸೇವಿಸುತ್ತೀರಾ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಎಲೆ ಅಡಿಕೆ ಹಾಕ್ತೀರೇನು, ಅದರಾಗ ಕಡ್ಡಿಪುಡಿ ಇರ್ತದೇನು, ಹಲ್ಲಿಗೆ ನಶ್ಯ ತಿಕ್ತೀರೇನು ಎಂದು ಒಂದೊಂದಾಗಿ ಕೇಳಿದರೆ ನಿಜ ಹೊರಬರುತ್ತದೆ. ಕುಡಿಯುವ ನೀರು ಬೋರ್‌ವೆಲ್‌ನದೋ, ನದಿ ನೀರೋ, ಶುದ್ಧ ನೀರಿನ ಘಟಕದ್ದೋ ಎಂಬುದನ್ನೂ ಕೇಳಿ. ನಮ್ಮ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಇರುವ ಊರುಗಳಿವೆ. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳಿತು, 1.5 ಕೊನೆಯ ಮಿತಿ.

ಐದನೇ ಹೆಜ್ಜೆ: ಕೈಬಿಡದೆ ಹಿಂಬಾಲಿಸುವುದು

ಈ ಭಾಗದಲ್ಲಿ ಕೋಹಾರ್ಟ್ ಅಧ್ಯಯನ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಸುಗ್ಗಿ ಮುಗಿದ ಮೇಲೆ ಒಣಬೇಸಾಯದ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ ಎಂದು ಗುಳೆ ಹೋಗುತ್ತವೆ. ಚೊಚ್ಚಲು ಬಸುರಿಯನ್ನು ಕುಬಸ ಮಾಡಿ ತವರಿಗೆ ಕರೆದೊಯ್ಯುತ್ತಾರೆ. ನಿಮ್ಮ ಪಟ್ಟಿಯಲ್ಲಿದ್ದ ಹೆಸರು ಏಳನೇ ತಿಂಗಳಿಗೆ ಇನ್ನೊಂದು ತಾಲ್ಲೂಕಿನಲ್ಲಿರುತ್ತದೆ.

"ಯಮ್ಮಾ, ಸೊಸಿ ಎಲ್ಲಿ ಕಾಣವಲ್ಲಳು?"

"ಗಂಡನ ಜೋಡಿ ಬೆಂಗ್ಳೂರಿಗೆ ದುಡಿಲಿಕ್ಕ ಹೋಗ್ಯಾಳ್ರಿ ಸಿಸ್ಟರ್, ಮೊಹರಮ್ಮಿಗೆ ಬರ್ತಾಳ."

ಇಷ್ಟಕ್ಕೆ 'ಸಿಗಲಿಲ್ಲ' ಎಂದು ಗೆರೆ ಎಳೆದರೆ ಏನಾಗುತ್ತದೆ ನೋಡಿ. ಹೊಲವಿಲ್ಲದವರು, ಸಾಲವಿದ್ದವರು ಮೊದಲು ಗುಳೆ ಹೋಗುವವರು. ರಕ್ತಹೀನತೆಯೂ ಕಡಿಮೆ ತೂಕದ ಕೂಸೂ ಹೆಚ್ಚಿರುವ ಸಂಭವ ಅವರಲ್ಲೇ. ಎರಡೂ ಇದ್ದವರೇ ಹೆಚ್ಚಾಗಿ ಪಟ್ಟಿಯಿಂದ ಜಾರಿದರೆ, ಉಳಿದವರ ಲೆಕ್ಕದಲ್ಲಿ ರಕ್ತಹೀನತೆಯ ಕೆಡುಕು ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಯಾರಿಗಾಗಿ ಅಧ್ಯಯನ ಮಾಡಿದೆವೋ ಅವರೇ ಅದರಲ್ಲಿ ಇಲ್ಲದಂತಾಗುತ್ತದೆ.

ಆದ್ದರಿಂದ ಮೊದಲ ಭೇಟಿಯಲ್ಲೇ ಒಂದು ವಿಳಾಸ ಹಾಳೆ ತುಂಬಿ. ಗಂಡನ ಮನೆಯ ಊರು, ತವರೂರು, ಎರಡೂ ಕಡೆಯ ಆಶಾ ಕಾರ್ಯಕರ್ತೆಯ ನಂಬರ್, ಕನಿಷ್ಠ ಮೂರು ಫೋನ್ ನಂಬರ್ (ಅದರಲ್ಲಿ ಒಂದು ತಾಯಿಯದ್ದೋ ಅಣ್ಣನದ್ದೋ ಆಗಿರಲಿ, ಗಂಡನ ಫೋನು ಗಂಡನ ಜೊತೆ ಹೊಲಕ್ಕೆ ಹೋಗಿರುತ್ತದೆ), ಗುಳೆ ಹೋಗುವ ಮನೆಯಾದರೆ ಕರೆದೊಯ್ಯುವ ಮೇಸ್ತ್ರಿಯ ನಂಬರ್. ತಾಯಿ ಕಾರ್ಡಿನ ಮೇಲಿನ ಆರ್.ಸಿ.ಎಚ್. ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಿ. ಊರು ಬದಲಾದರೂ ಬಸುರಿಯನ್ನು ದಾಖಲೆಯಲ್ಲಿ ಹಿಡಿಯಲು ಅದು ದಾರಿ. ಎಷ್ಟೋ ಮನೆಗಳಲ್ಲಿ ಆ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡಿನ ಜೊತೆ ಟ್ರಂಕಿನೊಳಗೆ ಇರುತ್ತದೆ. ಗುಳೆ ಹೋಗುವಾಗ ಜೊತೆಗೆ ಒಯ್ಯಬೇಕೆಂದು ಪ್ರತಿ ಭೇಟಿಯಲ್ಲೂ ನೆನಪಿಸಿ. ಹೆರಿಗೆ ಎಲ್ಲೇ ಆಗಲಿ, ಅಲ್ಲಿ ಅದರಲ್ಲಿ ಕೂಸಿನ ತೂಕ ಬರೆಸಿ, ಫೋಟೋ ತೆಗೆದು ಕಳಿಸಲು ಹೇಳಿ.

ಭೇಟಿಯ ದಿನಗಳನ್ನು ಊರಿನ ಪಂಚಾಂಗ ನೋಡಿ ಗೊತ್ತು ಮಾಡಿ. ಮೊಹರಂ, ಉಗಾದಿ, ಊರ ಜಾತ್ರೆಗೆ ಗುಳೆಯವರು ಮರಳುತ್ತಾರೆ. ಕೊಪ್ಪಳದವರಾದರೆ ಜನವರಿಯ ಗವಿಮಠದ ಜಾತ್ರೆಯ ವಾರವನ್ನು ಬಿಡಬೇಡಿ. ಭತ್ತ ನಾಟಿ ಮಾಡುವ ದಿನಗಳಲ್ಲಿ ಸಿಂಧನೂರು, ಗಂಗಾವತಿ ಕಡೆ ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋಗಬೇಕು.

ಇಷ್ಟಾದ ಮೇಲೂ ಕೆಲವರು ಸಿಗದಿದ್ದರೆ, ಮೊದಲ ಭೇಟಿಯಲ್ಲಿ ಬರೆದ ವಿವರಗಳಲ್ಲಿ ಅವರು ಉಳಿದವರಿಗಿಂತ ಹೇಗೆ ಬೇರೆ ಎಂದು ಕೋಷ್ಟಕ ಹಾಕಿ. ಈ ಕೋಷ್ಟಕವಿಲ್ಲದ ಕೋಹಾರ್ಟ್ ವರದಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಆರನೇ ಹೆಜ್ಜೆ: ಫಲಿತವನ್ನು ಪ್ರಾಮಾಣಿಕವಾಗಿ ತೂಗುವುದು

ಹೆರಿಗೆ ರಿಜಿಸ್ಟರಿನ ತೂಕದ ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿ. 2.5, 2.5, 3.0, 2.5, 2.8, 2.5. ದುಂಡು ಅಂಕಿಗೆ ಸರಿಸಿ ಬರೆಯುವ ಅಭ್ಯಾಸ ಜಗತ್ತಿನ ಎಲ್ಲ ಹೆರಿಗೆ ಕೋಣೆಗಳಲ್ಲೂ ಇದೆ. ಆದರೆ ನಮ್ಮ ಗೆರೆ ಸರಿಯಾಗಿ 2,500 ಗ್ರಾಂ ಮೇಲೆಯೇ ಬಿದ್ದಿದೆ. 2,440 ಗ್ರಾಂ ಇದ್ದ ಕೂಸನ್ನು 2.5 ಎಂದು ಬರೆದರೆ ಅದು ಕಡಿಮೆ ತೂಕದ ಪಟ್ಟಿಯಿಂದ ಹೊರಬೀಳುತ್ತದೆ. ಅಧ್ಯಯನವಷ್ಟೇ ಅಲ್ಲ, ಆ ಕೂಸಿಗೆ ಸಿಗಬೇಕಾದ ಆರೈಕೆಯೂ ತಪ್ಪುತ್ತದೆ. 10 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಬಳಸಿ. ಒಣ ಬಟ್ಟೆ ಹಾಸಿ ಸೊನ್ನೆಗೆ ತಂದು, ಕೂಸನ್ನು ಬೆತ್ತಲೆ ಮಲಗಿಸಿ, ಪರದೆಯ ಮೇಲೆ ಕಂಡದ್ದನ್ನೇ ಗ್ರಾಂನಲ್ಲಿ ಬರೆಯಿರಿ. ಗೊತ್ತಿರುವ ತೂಕದ ಕಲ್ಲಿಟ್ಟು ತಕ್ಕಡಿಯನ್ನು ವಾರಕ್ಕೊಮ್ಮೆ ಪರೀಕ್ಷಿಸಿ.

ತೂಗುವವರಿಗೆ ತಾಯಿ ಯಾವ ಗುಂಪಿನವಳೆಂದು ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಬರೆದೇ ಇರುವುದರಿಂದ ಪೂರ್ತಿ ಮುಚ್ಚಿಡಲಾಗದು. ತಕ್ಕಡಿಯ ಅಂಕಿಯನ್ನು ಮೊದಲು ಬರೆದು ಆಮೇಲೆ ಕಾರ್ಡು ತೆರೆಯುವ ಕ್ರಮವನ್ನಾದರೂ ಇಟ್ಟುಕೊಳ್ಳಬಹುದು.

ಏಳನೇ ಹೆಜ್ಜೆ: ಲೆಕ್ಕ

ಗುಂಪಿಗೆ 250 ಜನ ಉಳಿದರು ಎನ್ನಿ. ರಕ್ತಹೀನತೆ ಇದ್ದವರಲ್ಲಿ 60, ಇಲ್ಲದವರಲ್ಲಿ 36 ಕೂಸುಗಳು ಕಡಿಮೆ ತೂಕಕ್ಕೆ ಹುಟ್ಟಿದವು. ಇವೂ ಕಲಿಕೆಗೆ ಹಾಕಿಕೊಂಡ ಅಂಕಿಗಳೇ. ಮೊದಲ ಗುಂಪಿನ ಅಪಾಯ ಶೇ 24, ಎರಡನೆಯದ್ದು ಶೇ 14.4. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.67, ಇದು ರಿಸ್ಕ್ ರೇಶಿಯೋ. ಶೇ 95ರ ವಿಶ್ವಾಸಾಂತರ (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ) 1.15ರಿಂದ 2.42. ಅದರೊಳಗೆ 1 ಬರದೇ ಇರುವುದರಿಂದ ಈ ಅಂತರ ಬರೀ ಆಕಸ್ಮಿಕ ಎನ್ನುವುದು ಕಷ್ಟ. ಕಳೆದರೆ 9.6. ಅಂದರೆ ರಕ್ತಹೀನತೆ ಇರುವ 100 ತಾಯಂದಿರಲ್ಲಿ ಸುಮಾರು 10 ಕೂಸು ಹೆಚ್ಚಾಗಿ ಕಡಿಮೆ ತೂಕಕ್ಕೆ ಹುಟ್ಟುತ್ತಿವೆ. ಆರೋಗ್ಯ ಕೇಂದ್ರದ ಸಭೆಯಲ್ಲಿ ಹೇಳಲು ಈ ಎರಡನೇ ಅಂಕಿಯೇ ಲೇಸು, ಎಲ್ಲರಿಗೂ ತಟ್ಟನೆ ಅರ್ಥವಾಗುತ್ತದೆ.

ಇಲ್ಲಿಗೇ ನಿಲ್ಲಿಸಬೇಡಿ. ರಕ್ತಹೀನತೆ ಇರುವವರಲ್ಲಿ ಬಸಿರಿನ ಮೊದಲೇ ತೂಕ ಕಡಿಮೆ ಇದ್ದವರೂ ಹೆಚ್ಚಿರುತ್ತಾರೆ. ಕೂಸಿನ ತೂಕ ಇಳಿಸಿದ್ದು ಯಾವುದು? ಎರಡು ಪದರ ಮಾಡಿ ನೋಡೋಣ. ತೆಳ್ಳಗಿನ ತಾಯಂದಿರಲ್ಲಿ ರಕ್ತಹೀನರು 150, ಅವರಲ್ಲಿ 45 ಕಡಿಮೆ ತೂಕದ ಕೂಸು. ರಕ್ತಹೀನತೆ ಇಲ್ಲದವರು 75, ಅವರಲ್ಲಿ 18. ಅನುಪಾತ 1.25. ಉಳಿದ ತಾಯಂದಿರಲ್ಲಿ ರಕ್ತಹೀನರು 100, ಅವರಲ್ಲಿ 15. ರಕ್ತಹೀನತೆ ಇಲ್ಲದವರು 175, ಅವರಲ್ಲಿ 18. ಅನುಪಾತ 1.46. ಪದರಗಳ ಅನುಪಾತಗಳನ್ನು ಒಂದಾಗಿಸುವ ಮ್ಯಾಂಟಲ್-ಹೆನ್ಸೆಲ್ ವಿಧಾನದಲ್ಲಿ ಎರಡನ್ನೂ ಕೂಡಿಸಿದರೆ 1.32 ಬರುತ್ತದೆ. ಮೊದಲು ಕಂಡ 1.67ರಲ್ಲಿ ಒಂದು ಪಾಲು ರಕ್ತಹೀನತೆಯದ್ದಲ್ಲ, ಬಹಳ ದಿನದ ಹಸಿವಿನದ್ದು. ಬಸುರಿಗೆ ಮಾತ್ರೆ ಕೊಡುವುದರ ಜೊತೆಗೆ ಹರೆಯದ ಹುಡುಗಿಯ ಊಟ ನೋಡಬೇಕು ಎಂಬ ಮಾತು ಈ ಲೆಕ್ಕದಿಂದ ಹುಟ್ಟುತ್ತದೆ. ಅಂಶಗಳು ಹೆಚ್ಚಿದ್ದರೆ, ಎಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ರಿಗ್ರೆಷನ್ ಬೇಕು. ಅದಕ್ಕೆ ಸ್ಟ್ಯಾಟಿಸ್ಟಿಶಿಯನ್ ನೆರವನ್ನು ಸಿನಾಪ್ಸಿಸ್ ಹಂತದಲ್ಲೇ ಪಡೆಯಿರಿ, ಮಾಹಿತಿ ಎಲ್ಲ ಕೂಡಿಸಿದ ಮೇಲಲ್ಲ.

ಬೇರೆ ವಿಷಯ ಆರಿಸಿಕೊಳ್ಳುವವರಿಗೆ

ಗಣಿ, ಉಕ್ಕಿನ ಕಾರ್ಖಾನೆ, ಅಕ್ಕಿ ಗಿರಣಿ, ಬಳ್ಳಾರಿಯ ಜೀನ್ಸ್ ಘಟಕಗಳ ಕಾರ್ಮಿಕರ ಉಸಿರಾಟದ ತೊಂದರೆ ಇಲ್ಲಿ ಮಾಡಬೇಕಾದ ಅಧ್ಯಯನ. ಆದರೆ ಇವತ್ತು ಕೆಲಸದಲ್ಲಿರುವವರನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ. ಗಟ್ಟಿ ಇದ್ದವರು ಉಳಿದಿರುತ್ತಾರೆ, ದಮ್ಮು ಹತ್ತಿದವರು ಎಂದೋ ಕೆಲಸ ಬಿಟ್ಟಿರುತ್ತಾರೆ. ಹಳೆಯ ಹಾಜರಿ ಪುಸ್ತಕ ಹಿಡಿದು, ಬಿಟ್ಟುಹೋದವರನ್ನೂ ಮನೆಗೆ ಹೋಗಿ ಹುಡುಕಬೇಕು. ಹೋಲಿಕೆಗೆ ಊರಿನ ಎಲ್ಲರಿಗಿಂತ, ದೂಳಿಲ್ಲದ ಬೇರೆ ದುಡಿಮೆಯಲ್ಲಿರುವವರು ಸರಿ. ವರ್ಷಗಟ್ಟಲೆ ನಡೆಯುವ ಇಂಥ ಅಧ್ಯಯನದಲ್ಲಿ ಒಬ್ಬೊಬ್ಬರು ಒಂದೊಂದು ಅವಧಿ ಇರುವುದರಿಂದ ತಲೆ ಎಣಿಸದೆ ವ್ಯಕ್ತಿ-ವರ್ಷ ಎಣಿಸಿ: ಇಬ್ಬರು ಐದೈದು ವರ್ಷ, ಒಬ್ಬರು ಎರಡು ವರ್ಷ ಇದ್ದರೆ ಒಟ್ಟು 12.

ಅಪರೂಪದ ರೋಗಕ್ಕೆ ಕೋಹಾರ್ಟ್ ಒಗ್ಗುವುದಿಲ್ಲ. ಸಾವಿರಾರು ಜನರನ್ನು ಹಿಂಬಾಲಿಸಿದರೂ ಬೆರಳೆಣಿಕೆಯ ರೋಗಿಗಳು ಸಿಕ್ಕಾರು. ಅಲ್ಲಿ ರೋಗ ಇರುವವರನ್ನೂ ಇಲ್ಲದವರನ್ನೂ ಆರಿಸಿಕೊಂಡು ಹಿಂದೆ ಏನಾಗಿತ್ತೆಂದು ಹೋಲಿಸುವ ಕೇಸ್-ಕಂಟ್ರೋಲ್ ವಿಧಾನ ಹಿಡಿಯಿರಿ.

ಕೊನೆಯ ಹೆಜ್ಜೆ: ವರದಿ

ಇಂಥ ಅಧ್ಯಯನದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ, ಸ್ಟ್ರೋಬ್ ಎಂಬ 22 ಅಂಶಗಳ ಪಟ್ಟಿ ಇಟ್ಟುಕೊಂಡು ಬರೆಯಿರಿ. ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಒಪ್ಪಿದರು, ಗುಳೆಗೆ ಎಷ್ಟು, ತವರಿಗೆ ಎಷ್ಟು, ಗರ್ಭಪಾತವಾದವರೆಷ್ಟು, ಕೊನೆಗೆ ಉಳಿದವರೆಷ್ಟು ಎಂಬುದು ಒಂದು ಚಿತ್ರದಲ್ಲಿ ಕಾಣಬೇಕು. 'ಕಾರಣ' ಎಂಬ ಪದವನ್ನು ಅವಸರದಲ್ಲಿ ಬಳಸಬೇಡಿ, ಒಂದು ಅಧ್ಯಯನಕ್ಕೆ 'ನಂಟು' ಸಾಕು. ಪ್ರಬಂಧ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಎರಡು ಪುಟದ ಕನ್ನಡ ಸಾರಾಂಶ ಮಾಡಿ, ನಿಮಗೆ ವಿಳಾಸ ಹುಡುಕಿಕೊಟ್ಟ ಆಶಾ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ಓದಿ ಹೇಳಿ. ಯಾವ ಉಪಕೇಂದ್ರದಲ್ಲಿ ಮಾತ್ರೆ ನಡುವೆ ನಿಂತಿತ್ತು, ಎಲ್ಲಿ ತಕ್ಕಡಿ ತಪ್ಪು ತೋರಿಸುತ್ತಿತ್ತು ಎಂಬುದನ್ನು ವೈದ್ಯಾಧಿಕಾರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ.